ಮಿಷಿನ್ನಿನ ಬಾಯಿಗೆ ಪ್ಲೇಟು

ನನ್ನ ಅಣ್ಣನ ಎಡಗೈ ತೋರುಬೆರಳಿನ ತುದಿ ಹೋದದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಕಾಲಕ್ಕೆ ಹೇಳದೆ ಎರಡು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವನು ಈಗಲಾದರೂ ಸುತ್ತಿಬಳಸಬಾರದು.

ಹೊಸಪೇಟೆಯಲ್ಲಿ ನಮ್ಮದೊಂದು ಬಡಗಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ಅಣ್ಣ ತಮ್ಮ ಇಬ್ಬರೂ ನಡೆಸುತ್ತೇವೆ. ಮುಂದಿನ ಕೋಣೆಯಲ್ಲಿ ಉಳಿ ಕೆಲಸ, ಪಾಲಿಶು, ಗಿರಾಕಿಗಳ ಜೊತೆ ಮಾತು. ಹಿಂದಿನ ತಗಡಿನ ಶೆಡ್ಡಿನಲ್ಲಿ ಟೇಬಲ್ ಗರಗಸ. ಅದನ್ನು ನಾವು ಮಿಷಿನ್ ಎಂದಷ್ಟೇ ಕರೆಯುವುದು, ಊರಲ್ಲಿ ಬೇರೆ ಮಿಷಿನ್ನೇ ಇಲ್ಲವೇನೋ ಎಂಬಂತೆ. ಯಶವಂತನಗರದ ಕಡೆ ಒಂದು ವರ್ಕ್‌ಶಾಪು ಮುಚ್ಚಿದಾಗ ಅಣ್ಣ ಲಾರಿಯಲ್ಲಿ ಹೇರಿಕೊಂಡು ಬಂದದ್ದು. ಯಾವ ದೇಶದ್ದೋ, ಯಾವ ಕಾಲದ್ದೋ, ಹೆಸರಿನ ಪಟ್ಟಿ ಉಜ್ಜಿ ಹೋಗಿದೆ. ಬೀಡುಕಬ್ಬಿಣದ ಮೇಜು, ಅದರ ನಡುವೆ ಒಂದು ಬಾಯಿ, ಆ ಬಾಯಿಂದ ದುಂಡನೆಯ ಬ್ಲೇಡು ಮೇಲೆದ್ದು ತಿರುಗುತ್ತದೆ.

ಆ ಬಾಯಿಗೆ ಒಂದು ಪ್ಲೇಟು ಮುಚ್ಚಬೇಕು. ಪ್ಲೇಟಿನ ನಡುವೆ ಬ್ಲೇಡು ಹೊರಬರಲು ಒಂದು ಸೀಳು. ಸೀಳು ಬ್ಲೇಡಿನಷ್ಟೇ ಅಗಲ ಇರಬೇಕು, ಕೂದಲೆಳೆಯೂ ಹೆಚ್ಚಿರಬಾರದು. ಹಾಗಿದ್ದರೆ ತೆಳ್ಳನೆಯ ಪಟ್ಟಿ ಕೊಯ್ದಾಗ ಅದು ಪ್ಲೇಟಿನ ಮೇಲೆ ನಿಲ್ಲುತ್ತದೆ. ಸೀಳು ಅಗಲವಾಗಿದ್ದರೆ ಪಟ್ಟಿ ಬ್ಲೇಡಿನ ಪಕ್ಕದಲ್ಲಿ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಬ್ಲೇಡು ಕಟ್ಟಿಗೆಯನ್ನು ಕಿತ್ತು ಎಸೆಯುತ್ತದೆ, ಅದನ್ನು ಹಿಡಿದಿದ್ದ ಕೈ ಎತ್ತ ಹೋಗುತ್ತದೆಂದು ಯಾರಿಗೂ ಹೇಳಲಾಗದು. ಮಿಷಿನ್ನಿನ ಜೊತೆ ಅದರ ಪ್ಲೇಟು ಬಂದಿರಲಿಲ್ಲ. ಅಣ್ಣ ತಾನೇ ಪ್ಲೈವುಡ್ಡಿನಲ್ಲಿ ಎರಡು ಮಾಡಿಕೊಂಡಿದ್ದ. ನೆಟ್ಟಗೆ ಕೊಯ್ಯಲು ಸಣ್ಣ ಸೀಳಿನದು, ಬ್ಲೇಡು ಓರೆ ಮಾಡಿ ಕೊಯ್ಯಲು ಅಗಲ ಸೀಳಿನದು. ಓರೆ ಮಾಡುವ ಮುಂಚೆ ಪ್ಲೇಟು ಬದಲಿಸಬೇಕು, ಇಲ್ಲದಿದ್ದರೆ ಓರೆಯಾದ ಬ್ಲೇಡು ಸಣ್ಣ ಸೀಳನ್ನು ತಿಂದುಹಾಕುತ್ತದೆ. ಇದನ್ನು ಅಣ್ಣ ನನಗೆ ನೂರು ಸಲ ಹೇಳಿದ್ದ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ನೂರು ಸಲ ಹೇಳುತ್ತಾನಲ್ಲ ಎಂದೇ ಉರಿಯುತ್ತಿತ್ತು.

ನಮ್ಮಲ್ಲಿ ಅಮಾವಾಸ್ಯೆಯ ದಿನ ಉಳಿ ಗರಗಸ ಮುಟ್ಟುವುದಿಲ್ಲ. ಅಪ್ಪನ ಕಾಲದಿಂದ ಹೀಗೇ. ಬೆಳಿಗ್ಗೆ ಅಣ್ಣ ಅಂಗಡಿ ಗುಡಿಸಿ, ಉಳಿ, ಬಾಚಿ, ಕೊಡತಿ ಎಲ್ಲ ಒರೆಸಿ ಸಾಲಾಗಿ ಇಟ್ಟು, ಮಿಷಿನ್ನಿನ ಮೇಜಿಗೂ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂ ಏರಿಸಿ, ಕಾಯಿ ಒಡೆದು ಮನೆಗೆ ಹೋಗುತ್ತಾನೆ. ಇವತ್ತೊಂದು ದಿನ ಅವಕ್ಕೂ ದಣಿವಾರಲಿ ಎನ್ನುತ್ತಾನೆ. ಕಬ್ಬಿಣಕ್ಕೆಂಥ ದಣಿವು ಎಂದು ನಾನು ಗೊಣಗುತ್ತಿದ್ದೆ.

ಆ ಅಮಾವಾಸ್ಯೆಯ ಮಧ್ಯಾಹ್ನ, ಅಣ್ಣ ಹೋಳಿಗೆ ಉಂಡು ಅಡ್ಡಾದ ಹೊತ್ತಿನಲ್ಲಿ, ನಾನು ಅಂಗಡಿಯ ಹಿಂಬಾಗಿಲು ತೆಗೆದೆ. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಗಿರಾಕಿಯೊಬ್ಬರು ಟೀವಿ ಕೆಳಗಿಡುವ ಪೆಟ್ಟಿಗೆಗಾಗಿ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದರು. ಮೂಲೆಗಳನ್ನು ಓರೆಯಾಗಿ ಕೊಯ್ದು ಕೂಡಿಸುವುದಷ್ಟೇ ಬಾಕಿ, ಅರ್ಧ ತಾಸಿನ ಕೆಲಸ. ಮೇಜಿನ ಮೇಲಿನ ಹೂವನ್ನು ಪಕ್ಕಕ್ಕೆ ಸರಿಸಿ, ಬ್ಲೇಡು ಓರೆ ಮಾಡಿ, ಮಿಷಿನ್ ಹಚ್ಚಿ ಬ್ಲೇಡು ಏರಿಸಿದೆ. ಕರ್ ಎಂಬ ಸದ್ದು ಬಂದಾಗಲೇ ಪ್ಲೇಟು ಬದಲಿಸಿಲ್ಲವೆಂದು ನೆನಪಾದದ್ದು. ಆರಿಸಿ ನೋಡಿದರೆ ಅಣ್ಣನ ಸಣ್ಣ ಸೀಳು ಕಿರುಬೆರಳು ತೂರುವಷ್ಟು ಅಗಲವಾಗಿತ್ತು.

ಕೆಟ್ಟದ್ದು ಕೆಟ್ಟಿತು ಎಂದು ಪೆಟ್ಟಿಗೆ ಮುಗಿಸಿದೆ. ಆಮೇಲೆ ಕುಳಿತು ಯೋಚಿಸಿದೆ. ಸೀಳು ಅಗಲವಾಗಿದೆ ಎಂದರೆ ಯಾವಾಗ ಆಯಿತು ಎಂದು ಕೇಳುತ್ತಾನೆ. ಅಮಾವಾಸ್ಯೆಯ ದಿನ ಎನ್ನಲು ನನಗೆ ಧೈರ್ಯವಿಲ್ಲ. ಪಾರ್ಸೆಲ್ಲಿಗೆ ಸುತ್ತುವ ಕಂದು ಟೇಪು ಕೈಗೆ ಸಿಕ್ಕಿತು. ಪ್ಲೇಟಿನ ಮೇಲೆ ಎರಡು ಪಟ್ಟಿ ಅಂಟಿಸಿ ನೆಟ್ಟಗೆ ನಿಲ್ಲಿಸಿದ ಬ್ಲೇಡನ್ನು ಏರಿಸಿದೆ. ಟೇಪನ್ನು ಸೀಳಿಕೊಂಡು ಬಂತು. ಮೇಲಿಂದ ನೋಡಿದರೆ ಎಲ್ಲ ಮೊದಲಿನಂತೆಯೇ. ಅದರ ಮೇಲೆ ಒಂದು ಹಿಡಿ ಕಟ್ಟಿಗೆಯ ಹೊಟ್ಟು ಉದುರಿಸಿದೆ. ಅಳಿಸಿಹೋದ ವಿಭೂತಿಯನ್ನು ನನ್ನ ಮೂರು ಬೆರಳಿನಲ್ಲೇ ಮತ್ತೆ ಎಳೆದು, ಹೂವನ್ನು ಇದ್ದಲ್ಲಿ ಇಟ್ಟೆ. ನಾಳೆ ಅಣ್ಣನಿಗಿಂತ ಮುಂಚೆ ಬಂದು ಹೊಸ ಪ್ಲೇಟು ಮಾಡಿ ಹಾಕಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಂಪ್ಲಿಯ ಅಕ್ಕಿ ಗಿರಣಿಯೊಂದರಿಂದ ಕರೆ ಬಂತು, ಬಾಗಿಲಿನ ಅಳತೆ ತೆಗೆಯಲು ಬೈಕ್ ಹತ್ತಿ ಹೊರಟೆ. ಪ್ಲೇಟಿನ ವಿಷಯ ಮರೆತೇಹೋಯಿತು ಎಂದು ಆಮೇಲೆ ಎಷ್ಟೋ ದಿನ ನನಗೆ ನಾನು ಹೇಳಿಕೊಂಡೆ. ಸುಳ್ಳು. ದಾರಿಯಲ್ಲಿ, ಕಾಲುವೆಯ ಸೇತುವೆ ದಾಟುವಾಗ ನೆನಪಾಗಿತ್ತು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಫೋನ್ ಮಾಡಿದರೆ ಕಾರಣ ಹೇಳಬೇಕಲ್ಲ ಎಂದು ಮುಂದೆ ಹೋದೆ.

ಗಿರಣಿಯ ಅಂಗಳದಲ್ಲಿದ್ದಾಗ ಅತ್ತಿಗೆಯ ಫೋನು ಬಂತು. “ಜಲ್ದಿ ಬಾ. ನಿಮ್ಮಣ್ಣನ ಕೈ ಮಿಷಿನ್‌ಗೆ ಸಿಕ್ಕೈತಿ” ಎಂದಳು, ಅಷ್ಟೇ.

ದೇವರ ಕೋಣೆಯ ಬಾಗಿಲಿನ ಜಾಲರಿಗೆಂದು ಅವನು ಸಾಗವಾನಿಯ ತೆಳು ಪಟ್ಟಿ ಕೊಯ್ಯುತ್ತಿದ್ದ. ಪಟ್ಟಿ ಟೇಪನ್ನು ಹರಿದುಕೊಂಡು ಒಳಗೆ ಹೋಗಿತ್ತು. ಪ್ಲೇಟು ಚೂರುಚೂರಾಗಿ ಶೆಡ್ಡಿನ ತುಂಬ ಬಿದ್ದಿತ್ತು. ಅವನು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತಿದ್ದಾಗ ಆ ಚೂರುಗಳನ್ನು ಗುಡಿಸಿದವನು ನಾನು. ಟೇಪು ಅಂಟಿದ್ದ ಎರಡು ಚೂರನ್ನು ಬೇರೆ ಮಾಡಿ ನೀರು ಕಾಯಿಸುವ ಒಲೆಗೆ ಹಾಕಿದೆ. ನಾಚಿಕೆಯಾಗುತ್ತದೆ ಬರೆಯಲು.

ಬೆರಳಿನ ಗಾಯ ಮಾಯಿತು. ಅಣ್ಣ ಮಾಯಲಿಲ್ಲ. ಮಿಷಿನ್ನನ್ನಾಗಲಿ ಪ್ಲೇಟನ್ನಾಗಲಿ ಅವನು ಒಂದು ಮಾತು ಅನ್ನಲಿಲ್ಲ. “ನನ್ನ ಕೈನೇ ನಡುಗಿರಬೇಕು” ಎಂದ ಮೊದಲ ವಾರ. ಎರಡನೆಯ ವಾರಕ್ಕೆ ‘ಇರಬೇಕು’ ಬಿಟ್ಟುಹೋಯಿತು. ಮೂವತ್ತು ವರ್ಷ ಕೆಲಸ ಮಾಡಿದ ಕೈ ಅದು, ಬಾಗಿಲಿನ ಕೀಲು ಕೂಡಿಸಿದರೆ ನಡುವೆ ಕಾಗದ ತೂರುತ್ತಿರಲಿಲ್ಲ. ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಅಂಚಿನ ತನಕ ನೀರು ತುಂಬಿ, ತೋಳು ನೀಳವಾಗಿ ಚಾಚಿ ಹಿಡಿದು ನಿಲ್ಲುತ್ತಿದ್ದ, ನೀರು ತುಳುಕುತ್ತದೋ ಇಲ್ಲವೋ ನೋಡಲು. ಬಲಗೈಯಲ್ಲಿ ಒಮ್ಮೆ, ಎಡಗೈಯಲ್ಲಿ ಒಮ್ಮೆ. ಯಾರೇ ಆಗಲಿ ಅಷ್ಟು ಹೊತ್ತು ಹಿಡಿದರೆ ನೀರು ತುಳುಕದೇ ಇರುತ್ತದೆಯೇ? ತುಳುಕಿದ ಕೂಡಲೇ “ನೋಡು, ಹೋತು ಇದು” ಎಂದು ಕೈಗೆ ಬೈದು ಲೋಟ ಕೆಳಗಿಡುತ್ತಿದ್ದ. ನಾನು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ.

ಹೇಳಬೇಕೆಂದು ದಿನಾ ಅನ್ನಿಸುತ್ತಿತ್ತು. ಇವತ್ತು ಊಟದ ಹೊತ್ತಿಗೆ, ನಾಳೆ ಅಂಗಡಿಯಲ್ಲಿ ಇಬ್ಬರೇ ಇದ್ದಾಗ. ಒಂದು ದಿನ ತಡವಾದ ಮಾತು ಮರುದಿನಕ್ಕೆ ಎರಡರಷ್ಟು ಭಾರವಾಗುತ್ತಿತ್ತು. ಆ ಸಂಕಟಕ್ಕೆ ನಾನು ಅಣ್ಣನ ಮೇಲೆಯೇ ರೇಗುತ್ತಿದ್ದೆ, “ಸಾಕು ಮಾಡು ನಿನ್ನ ಲೋಟದ ಆಟ” ಎಂದು. ಅತ್ತಿಗೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು “ಅವರಿಗೆ ಬೈಬ್ಯಾಡಪ, ಮೊದಲೇ ಮನಸು ಭಾಳ ಸಣ್ಣ ಮಾಡ್ಕೊಂಡಾರ” ಎಂದಳು. ನೆಲ ಬಾಯಿ ತೆರೆದು ನುಂಗಬಾರದೇ ಎನ್ನಿಸಿತು.

ಎರಡನೆಯ ತಿಂಗಳ ಕೊನೆಗೆ ಅಣ್ಣ ತೀರ್ಮಾನ ಹೇಳಿದ. ಮಿಷಿನ್ ಕೊಟ್ಟುಬಿಡುವುದು. ಸಂಡೂರಿನ ಬಡಗಿಯೊಬ್ಬರು ಒಪ್ಪಿದ್ದಾರೆ, ರವಿವಾರ ಗಾಡಿ ತರುತ್ತಾರೆ. ಇನ್ನು ಮುಂದೆ ಕಟ್ಟಿಗೆ ಹೊರಗೆ ಕೊಯ್ಸಿಕೊಂಡು ಬಂದು ಕೈಕೆಲಸವಷ್ಟೇ. ಅದೂ ಕೈ ನಡೆಯುವ ತನಕ.

“ಒಂದು ಕೆಲಸ ಐತಿ” ಎಂದ. “ಸಣ್ಣ ಸೀಳಿನ ಪ್ಲೇಟ್ ಇಲ್ಲ. ಅದೊಂದು ಮಾಡಿ ಹಾಕು.”

“ಅಗಲ ಸೀಳಿಂದು ಐತಲ್ಲ, ಅದನ್ನ ಹಾಕಿ ಕೊಟ್ರಾತು.”

“ಅದನ್ನ ಹಾಕಿ ಕೊಟ್ರ ಅವರ ಅಂಗಡ್ಯಾಗೂ ಒಬ್ಬನ ಬೆರಳು ಹೋಗ್ತೈತಿ. ನಾ ಮುಟ್ಟಂಗಿಲ್ಲ. ನೀ ಮಾಡು.”

ಆ ದಿನ ಮಂಗಳವಾರ. ನನ್ನ ಕೈಯಲ್ಲಿದ್ದದ್ದು ಐದು ದಿನ. ಪ್ಲೇಟು ಆಯಿತೆಂದರೆ ಮಿಷಿನ್ ಹೋಗುತ್ತದೆ, ಅದರ ಜೊತೆ ಅಣ್ಣನ ಕೆಲಸವೂ ಹೋಗುತ್ತದೆ. ಪ್ಲೇಟು ಆಗದಿದ್ದರೂ ಹೋಗುತ್ತದೆ, ಇನ್ನೊಬ್ಬರ ಬೆರಳಿಗೆ ಕಾದುಕೊಂಡು. ಇದನ್ನೆಲ್ಲ ನಿಲ್ಲಿಸಲು ನನ್ನ ಒಂದು ಮಾತು ಸಾಕು.

ಮೊದಲು ಸಿದ್ಧ ಪ್ಲೇಟು ಸಿಗುತ್ತದೋ ಎಂದು ಹುಡುಕಿದೆ, ಮಾತು ತಪ್ಪಿಸಿಕೊಳ್ಳಲು ಓಡಾಟವೊಂದು ಬೇಕಿತ್ತಲ್ಲ. ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಳತೆಯ ಕಾಗದ ತೋರಿಸಿದೆ. ನಮ್ಮ ಮಿಷಿನ್ನಿನ ಬಾಯಿ ಒಂದು ಕಡೆ ದುಂಡು, ಇನ್ನೊಂದು ಕಡೆ ಚೌಕ. ಒಬ್ಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ರಿ, ಚಪ್ಪಲಿ ಅಳತಿ ತಂದೀರೇನು?” ಎಂದು ನಕ್ಕರು. ಮೊಬೈಲಿನಲ್ಲಿ ಹುಡುಕಿದರೆ ನೂರು ಬಗೆಯ ಪ್ಲೇಟು, ನಮ್ಮದಕ್ಕೆ ಕೂಡುವುದು ಒಂದೂ ಇಲ್ಲ. ಹಂಪಿ ರಸ್ತೆಯ ಗುಜರಿ ಅಂಗಡಿ ಜಾಲಾಡಿದೆ. ಯಶವಂತನಗರಕ್ಕೂ ಹೋಗಿಬಂದೆ. ಹಳೆಯ ವರ್ಕ್‌ಶಾಪಿನ ಕಾವಲಿನವರು, ಸಣ್ಣ ಸಾಮಾನೆಲ್ಲ ಎಂದೋ ಕರಗಿಸಲು ಹೋಯಿತು ಎಂದರು.

ಬುಧವಾರ ಪ್ಲೈವುಡ್ಡಿನಲ್ಲಿ ಒಂದು ಮಾಡಿದೆ. ಬಾಯಿಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಆಕಾರ ತೆಗೆದು, ಕೊಯ್ದು, ಅಂಚು ಅರೆದು ಕೂಡಿಸಿದೆ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತಿತ್ತು. ಗುರುವಾರ ಇನ್ನೊಂದು. ಅದು ಅಲುಗಲಿಲ್ಲ, ಆದರೆ ಮೇಜಿಗಿಂತ ಒಂದು ಉಗುರಿನಷ್ಟು ಮೇಲಿತ್ತು. ತಳ್ಳಿದ ಕಟ್ಟಿಗೆ ಅಲ್ಲೇ ಎಡವುತ್ತಿತ್ತು. ಕಾಲಿನಿಂದ ಒದ್ದು ಮೂಲೆಗೆ ಹಾಕಿದೆ.

ಮುಂದಿನ ಕೋಣೆಯಲ್ಲಿ ಪಾಲಿಶು ಉಜ್ಜುತ್ತಿದ್ದ ಅಣ್ಣ ಬಾಗಿಲ ತನಕ ಬಂದು ನಿಂತ. ಎರಡು ತಿಂಗಳಿಂದ ಅವನು ಆ ಹೊಸ್ತಿಲು ದಾಟಿರಲಿಲ್ಲ.

“ಪ್ಲೈವುಡ್ ಬ್ಯಾಡ. ಕಂಪ್ಲಿ ಗಿರಣ್ಯಾಗ ಹಳೇ ಕರೆಂಟ್ ಬೋರ್ಡಿನ ಬೇಕಲೈಟ್ ಹಲಗಿ ಬಿದ್ದಿರತಾವು, ಕೇಳಿ ನೋಡು. ಕೆಳಗ ನಾಕು ಸ್ಕ್ರೂ ಹಾಕು, ತಿರುವಿ ಮಟ್ಟ ಮಾಡ್ಕೋಬಹುದು” ಎಂದು ಹೇಳಿ ಹೊರಟುಹೋದ.

ಶುಕ್ರವಾರ ಮತ್ತೆ ಅದೇ ದಾರಿ, ಅದೇ ಸೇತುವೆ. ಗಿರಣಿಯ ಯಜಮಾನರು ಬೇಕಲೈಟ್ ಹಲಗೆ ಕೊಟ್ಟು, “ನಿಮ್ಮಣ್ಣಾರ ಕೈ ಹೆಂಗೈತ್ರಿ?” ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅದಂತೂ ನಿಜವೇ ಆಗಿತ್ತು, ಅಣ್ಣನೊಬ್ಬ ನಂಬಿರಲಿಲ್ಲ ಅಷ್ಟೇ.

ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪ್ಲೇಟು ಸಿದ್ಧವಾಯಿತು. ಮೇಜಿನ ಮೇಲೆ ಬೆರಳು ಎಳೆದರೆ ಎಲ್ಲಿ ಕಬ್ಬಿಣ ಮುಗಿದು ಬೇಕಲೈಟು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಇನ್ನು ಉಳಿದದ್ದು ಸೀಳು. ಅದನ್ನು ಬ್ಲೇಡೇ ಕೊಯ್ದುಕೊಳ್ಳಬೇಕು. ಬ್ಲೇಡನ್ನು ಪೂರ್ತಿ ಇಳಿಸಿ, ಪ್ಲೇಟು ಮುಚ್ಚಿ, ಮೇಲೆ ಅಡ್ಡ ಹಲಗೆ ಬಿಗಿದು, ಮಿಷಿನ್ ಹಚ್ಚಿ ನಿಧಾನವಾಗಿ ಏರಿಸುವುದು. ಅಣ್ಣ ಮಾಡುವುದನ್ನು ಒಮ್ಮೆ ದೂರದಿಂದ ನೋಡಿದ್ದೆ. ಕೇಳಬಹುದಿತ್ತು. ಕೇಳಲಿಲ್ಲ.

ಅಡ್ಡ ಹಲಗೆಯನ್ನು ಎರಡು ಕಡೆ ಶಿಕಂಜಿಯ ಕಬ್ಬಿಣದ ಹಿಡಿತದಲ್ಲಿಟ್ಟು ತಿರುಪು ತಿರುಗಿಸಿ ಬಿಗಿದೆ. ಪ್ಲೇಟು ದಪ್ಪ, ಬ್ಲೇಡು ದೊಡ್ಡದು. ಎಷ್ಟು ಇಳಿಸಿದರೂ ಹಲ್ಲಿನ ತುದಿ ಪ್ಲೇಟಿನ ತಳಕ್ಕೆ ತಾಗಿಯೇ ಇದೆ ಎಂಬುದು ನನಗೆ ಹೊಳೆಯಲಿಲ್ಲ. ಹಲಗೆ ಒಂದು ಕಡೆ ಸ್ವಲ್ಪ ಎತ್ತಿಕೊಂಡದ್ದನ್ನು ಕಂಡು ಎಡ ಅಂಗೈಯಿಂದ ಒತ್ತಿ ಹಿಡಿದು, ಬಲಗೈಯಿಂದ ಸ್ವಿಚ್ ಒತ್ತಿದೆ.

ಢಂ ಎಂದಿತು. ಹಲಗೆ ಪಕ್ಕಕ್ಕೆ ಹಾರಿತು, ಪ್ಲೇಟು ನನ್ನ ಕಿವಿಯ ಪಕ್ಕ ಹಾದು ಹಿಂದಿನ ತಗಡಿಗೆ ಬಡಿಯಿತು. ಒತ್ತಿ ಹಿಡಿದಿದ್ದ ನನ್ನ ಕೈ ಜಾರಿ ಮೇಜಿನ ಮೇಲೆ ಬಿತ್ತು, ತೆರೆದ ಬಾಯಿಗೆ ಒಂದು ಗೇಣು ಈಚೆ. ಒಳಗೆ ಬ್ಲೇಡು ಕೂಗುತ್ತ ತಿರುಗುತ್ತಿತ್ತು. ನನಗೆ ಕೈ ಎತ್ತಲಾಗಲಿಲ್ಲ. ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟೆ.

ಸದ್ದು ನಿಂತಿತು. ತಲೆ ಎತ್ತಿದರೆ ಅಣ್ಣ ಮೇನ್ ಸ್ವಿಚ್ಚಿನ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದ. ಹೊಸ್ತಿಲನ್ನು ಯಾವಾಗ ದಾಟಿದನೋ.

“ಕೈ ಎಲ್ಲಿ ಇಟ್ಟಿದ್ದೆಲೇ?” ಎಂದು ಕಿರುಚಿದ. “ಕೈ ಎಲ್ಲಿ ಇಟ್ಟಿದ್ದಿ? ನಂದು ಹೋಗಿದ್ದು ಸಾಲಲಿಲ್ಲೇನು ನಿನಗ?” ನನ್ನ ಎರಡೂ ಕೈ ಹಿಡಿದು ಮುಂದೆ ಹಿಂದೆ ತಿರುಗಿಸಿ, ಬೆರಳು ಬೆರಳೇ ನೋಡಿದ. ಎಲ್ಲ ಇದ್ದವು. ಆಮೇಲೆ ಪ್ಲೇಟು ಎತ್ತಿಕೊಂಡು ತಳ ನೋಡಿದ. ಒಂದು ಗೀರು ಬಿದ್ದಿತ್ತು, ಅಷ್ಟೇ. “ಕೈಯಾಗ ಹಿಡಿಯೋ ಕಟರಿನ ಸಣ್ಣ ಬ್ಲೇಡ್ ಹಾಕಿ ಮೊದಲ ಸೀಳಬೇಕು. ಆಮ್ಯಾಲೆ ದೊಡ್ಡದು. ಕೇಳಿದ್ರ ಹೇಳ್ತಿದ್ದಿಲ್ಲೇನು?” ಎನ್ನುತ್ತ ಪಾನಾ ತೆಗೆದುಕೊಂಡು ತಾನೇ ಬ್ಲೇಡು ಬಿಚ್ಚತೊಡಗಿದ. ತುದಿಯಿಲ್ಲದ ಬೆರಳನ್ನು ಎತ್ತಿ ಹಿಡಿದು ಉಳಿದ ಬೆರಳುಗಳಿಂದ ನಟ್ಟು ತಿರುಗಿಸುತ್ತಿದ್ದ.

“ಅಣ್ಣ, ನಿನ್ನ ಕೈ ನಡುಗಿದ್ದಿಲ್ಲ.”

“ಸುಮ್ಕಿರು. ಕೆಲಸ ನೋಡು.”

“ಅಮಾಸಿ ದಿನ ನಾ ಮಿಷಿನ್ ಹಚ್ಚಿದ್ದೆ. ಪ್ಲೇಟ್ ಬದಲಿ ಮಾಡಲಾರದ ಓರೆ ಕೊಯ್ದೆ. ಸೀಳು ಹಿರಿದಾತು. ನಿನಗ ಗೊತ್ತಾಗಬಾರದು ಅಂತ ಮ್ಯಾಲೆ ಟೇಪ್ ಹಚ್ಚಿದೆ. ಮರುದಿನ ನೀ ಅದರ ಮ್ಯಾಲೆ ಕೊಯ್ದಿ.”

ಪಾನಾ ತಿರುಗುವುದು ನಿಂತಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೇ ಕಾದೆ. ಅವನು ಬಗ್ಗಿದವನು ಹಾಗೆಯೇ ಇದ್ದ, ಮುಖ ಕಾಣುತ್ತಿರಲಿಲ್ಲ.

“ಹಂಗಾದ್ರ ನನ್ನ ಕೈ?” ಎಂದ, ಭಾಳ ಸಣ್ಣ ದನಿಯಲ್ಲಿ.

“ನಿನ್ನ ಕೈ ಸರಿ ಇತ್ತಣ್ಣ. ಆವತ್ತೂ ಸರಿ ಇತ್ತು.”

ಅವನು ಎದ್ದು ನಿಂತು ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡಿದ, ಯಾರದೋ ಕೈ ತನಗೆ ವಾಪಸು ಬಂದಂತೆ. ಕಣ್ಣು ತುಂಬಿ ಬಂದಿತ್ತು. ನನಗೂ ಅಳು ಬಂತು, ಆದರೆ ಅಳುವ ಹಕ್ಕು ನನಗಿರಲಿಲ್ಲ.

ಆಮೇಲೆ ಅವನು ಸಣ್ಣ ಬ್ಲೇಡು ಹಾಕಿದ. ಹಲಗೆ ಬಿಗಿದ, ಶಿಕಂಜಿ ಅಲುಗಿಸಿ ನೋಡಿದ, ಎರಡೂ ಕೈ ಮೇಜಿನಿಂದ ದೂರ ತಂದು, ಮಿಷಿನ್ ಹಚ್ಚಿ, ಬ್ಲೇಡು ಏರಿಸುವ ಚಕ್ರ ತಿರುಗಿಸಿದ. ಬೇಕಲೈಟಿನ ಸುಟ್ಟ ವಾಸನೆ ಏಳುತ್ತ ಬ್ಲೇಡು ಮೇಲೆ ಬಂತು. ದೊಡ್ಡ ಬ್ಲೇಡು ಹಾಕಿ ಮತ್ತೊಮ್ಮೆ. ಸ್ಕ್ರೂ ಒಂದು ಸುತ್ತು, ಅರ್ಧ ಸುತ್ತು. ಮೂಲೆಯಲ್ಲಿ ಎರಡು ತಿಂಗಳಿಂದ ನಿಂತಿದ್ದ ಸಾಗವಾನಿಯ ತುಂಡು ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟ. ಅವನು ತಳ್ಳಿದ. ರೊಟ್ಟಿಯಷ್ಟು ತೆಳ್ಳನೆಯ ಪಟ್ಟಿಯೊಂದು ಬಿಡಿಸಿಕೊಂಡು ಪ್ಲೇಟಿನ ಮೇಲೆಯೇ ನಿಂತಿತು. ಇನ್ನೊಂದು. ಮತ್ತೊಂದು. ಮಿಷಿನ್ ಆರಿಸಿ ಮೂರನ್ನೂ ಜೋಡಿಸಿ ಕಣ್ಣ ಮಟ್ಟಕ್ಕೆ ಹಿಡಿದು ನೋಡಿದ. ಮೂರೂ ಒಂದೇ ದಪ್ಪ.

“ಸಂಡೂರಿನವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡು” ಎಂದ.

ಮಾಡಿದೆ. ಫೋನ್ ಇಡುವ ತನಕ ಕಾದು ನಿಂತಿದ್ದ. “ಇವತ್ತು ಆ ಪ್ಲೇಟ್ ಹಾರಲಿಲ್ಲ ಅಂದ್ರ ನೀ ಹೇಳ್ತಿದ್ದೇನು?”

ಹೇಳುತ್ತಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿದೆ. “ಗೊತ್ತಿಲ್ಲಣ್ಣ” ಎಂದೆ.

ತಲೆ ಆಡಿಸಿದ. “ಎರಡು ತಿಂಗಳ ನಾ ಈ ಕೈಗೆ ಬೈದೀನಿ. ನೀ ಕೇಳ್ಕೋತ ಕುಂತಿದ್ದಿ.”

ಮತ್ತೆ ಕೆಲಸಕ್ಕೆ ತಿರುಗಿದ. ಮಧ್ಯಾಹ್ನವೆಲ್ಲ ಜಾಲರಿಯ ಪಟ್ಟಿ ಕೊಯ್ದ. ಸಂಜೆ ನಾಲ್ಕು ತುಂಡು ಹಲಗೆ ಕೂಡಿಸಿ ಮಿಷಿನ್ನಿನ ಮೇನ್ ಸ್ವಿಚ್ಚಿಗೆ ಒಂದು ಸಣ್ಣ ಪೆಟ್ಟಿಗೆ ಮಾಡಿದ, ಬಾಗಿಲು ಇಟ್ಟ, ಬೀಗಕ್ಕೆ ಕೊಂಡಿ ಕೂಡಿಸಿದ. “ಇನ್ನ ಅಮಾಸಿಗೆ ಕೀಲಿ ನನ್ನ ಹತ್ರ ಇರತೈತಿ” ಎಂದ. ಸ್ಕ್ರೂ ಹಾಕುವಾಗ ಕೊಂಡಿ ಜರುಗದಂತೆ ಹಿಡಿಯಲು ಒಬ್ಬರು ಬೇಕಿತ್ತು. “ಬಾ, ಹಿಡ್ಕೋ” ಎಂದು ನನ್ನನ್ನು ಕರೆದ. ಹೋಗಿ ಹಿಡಿದುಕೊಂಡೆ.